ಪೆನ್ಸಿಲ್ ಒತ್ತಿ ನೋಡಿ: ಬ್ರೌಸರ್‌ನಲ್ಲೇ ಓಪನ್ ಸೋರ್ಸ್ ಡಾಕ್ಸ್ ತಿದ್ದೋದು

"ಓಪನ್ ಸೋರ್ಸ್‌ಗೆ ಕಾಂಟ್ರಿಬ್ಯೂಟ್ ಮಾಡಿ" ಅನ್ನೋ ಮಾತು ನಮ್ಮ ಕ್ಯಾಂಪಸ್‌ನಲ್ಲಿ ಮೊದಲ ಸೆಮಿಸ್ಟರ್‌ನಿಂದಲೇ ಕಿವಿಗೆ ಬೀಳುತ್ತೆ. ಸೀನಿಯರ್‌ಗಳು ಹೇಳ್ತಾರೆ, ಪ್ಲೇಸ್‌ಮೆಂಟ್ ಟ್ರೇನಿಂಗ್‌ನವರೂ ಹೇಳ್ತಾರೆ. ಹೇಗೆ ಅಂತ ಕೇಳಿದರೆ ಮಾತ್ರ ಗಿಟ್ ಇನ್‌ಸ್ಟಾಲ್ ಮಾಡು, ಕ್ಲೋನ್ ಮಾಡು, ಬ್ರಾಂಚ್ ಮಾಡು, ರೀಬೇಸ್ ಮಾಡು ಅಂತ ಉದ್ದದ ಪಟ್ಟಿ ಬರುತ್ತೆ. ಅರ್ಧ ಜನ ಅಲ್ಲೇ ಕೈಬಿಡ್ತೀವಿ. ಇದ್ಯಾವುದೂ ಬೇಡ, ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಒಂದು ಬ್ರೌಸರ್ ಇದ್ದರೆ ಸಾಕು ಅನ್ನುವ ದಾರಿಯೊಂದು ಇದೆ: ಡಾಕ್ಯುಮೆಂಟೇಶನ್ ತಿದ್ದೋದು. ಅದು ಹೇಗೆ ಅಂತ ಇಲ್ಲಿ ಹೇಳ್ತೀವಿ. ನಮ್ಮಂಥ ವಿದ್ಯಾರ್ಥಿಗಳಿಂದಲೇ ಆ ದಾರಿಗೆ ಬಂದಿರೋ ಕೆಟ್ಟ ಹೆಸರಿನ ಬಗ್ಗೆಯೂ ಹೇಳಲೇಬೇಕು.

ವೆಬ್ ಲ್ಯಾಬ್‌ನಲ್ಲಿ ಜಾವಾಸ್ಕ್ರಿಪ್ಟ್ ಬರೆದವರೆಲ್ಲ ಎಂಡಿಎನ್ ನೋಡೇ ಇರ್ತೀರಿ. ಗೂಗಲ್‌ನಲ್ಲಿ ಯಾವ ಫಂಕ್ಷನ್ ಹುಡುಕಿದರೂ ಮೇಲೆ ಬರೋ ಸೈಟ್ ಅದು. 2005ರಲ್ಲಿ ಮೊಜಿಲ್ಲಾ ಅದನ್ನು ಶುರು ಮಾಡಿತು. ಬಹಳ ವರ್ಷ ಅದೊಂದು ವಿಕಿ ಆಗಿತ್ತು, ಲಾಗಿನ್ ಆಗಿ ತಿದ್ದಿ ಸೇವ್ ಒತ್ತಿದರೆ ಆಯ್ತು. 2020ರ ಡಿಸೆಂಬರ್‌ನಲ್ಲಿ ಪುಟಗಳೆಲ್ಲ ಗಿಟ್‌ಹಬ್‌ಗೆ ಬಂದವು. ನಮ್ಮ ಕ್ಲಬ್‌ನಲ್ಲಿ ಕನ್ನಡ ವಿಕಿಪೀಡಿಯಾ ತಿದ್ದಿದವರಿಗೆ ಈ ವ್ಯತ್ಯಾಸ ಬೇಗ ಗೊತ್ತಾಗುತ್ತೆ. ವಿಕಿಪೀಡಿಯಾದಲ್ಲಿ ನಿಮ್ಮ ತಿದ್ದುಪಡಿ ಮೊದಲು ಕಾಣುತ್ತೆ, ಪರಿಶೀಲನೆ ಆಮೇಲೆ. ಇಲ್ಲಿ ಮೊದಲು ಒಬ್ಬರು ಕೂತು ಓದ್ತಾರೆ, ಒಪ್ಪಿದರೆ ಮಾತ್ರ ಸೈಟಿಗೆ ಹೋಗುತ್ತೆ. ಆ "ಒಬ್ಬರು ಕೂತು ಓದ್ತಾರೆ" ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಕೆಲಸಕ್ಕೆ ಬರೋಣ. ಎಂಡಿಎನ್ ಪುಟದ ಕೆಳಗೆ ಹೋದರೆ ಈ ಪುಟವನ್ನು ಗಿಟ್‌ಹಬ್‌ನಲ್ಲಿ ನೋಡಿ ಅನ್ನುವ ಲಿಂಕ್ ಇರುತ್ತೆ. ಬೇರೆ ಎಷ್ಟೋ ಪ್ರಾಜೆಕ್ಟ್‌ಗಳಲ್ಲೂ ಪುಟದ ಪಕ್ಕದಲ್ಲೋ ಕೆಳಗೋ ಇಂಥದ್ದೇ ಒಂದು ಎಡಿಟ್ ಲಿಂಕ್ ಸಿಗುತ್ತೆ. ಅದನ್ನು ಒತ್ತಿದರೆ ಆ ಪುಟದ ಮೂಲ ಫೈಲ್ ತೆರೆಯುತ್ತೆ. ಸಾಮಾನ್ಯವಾಗಿ ಮಾರ್ಕ್‌ಡೌನ್‌ನಲ್ಲಿ ಇರುತ್ತೆ. ಫೈಲ್‌ನ ಬಲಗಡೆ ಮೇಲೆ ಒಂದು ಪುಟ್ಟ ಪೆನ್ಸಿಲ್ ಗುರುತು. ಎಲ್ಲಾ ಇರೋದು ಅಲ್ಲೇ.

ಪೆನ್ಸಿಲ್ ಒತ್ತಿದಾಗ "ಈ ರೆಪೊಗೆ ಬರೆಯೋ ಹಕ್ಕು ನಿಮಗಿಲ್ಲ, ಫೋರ್ಕ್ ಮಾಡಿ" ಅನ್ನೋ ಅರ್ಥದ ಸಂದೇಶ ಬರುತ್ತೆ. ಹೆದರಬೇಡಿ. ಫೋರ್ಕ್ ಅಂದರೆ ಆ ಇಡೀ ರೆಪೊದ ಒಂದು ಪ್ರತಿ ನಿಮ್ಮ ಅಕೌಂಟ್‌ನಲ್ಲಿ ಬಂದು ಕೂರುತ್ತೆ, ಅಷ್ಟೇ. ಅಸಲಿಗೆ ಏನೂ ಆಗಲ್ಲ. ಫೋರ್ಕ್ ಆದಮೇಲೆ ಫೈಲ್ ಎಡಿಟರ್‌ನಲ್ಲಿ ತೆರೆಯುತ್ತೆ. ತಿದ್ದಿ, ಪಕ್ಕದ ಪ್ರಿವ್ಯೂ ಟ್ಯಾಬ್‌ನಲ್ಲಿ ಹೇಗೆ ಕಾಣುತ್ತೆ ಅಂತ ನೋಡಿ. ಆಮೇಲೆ ಕಮಿಟ್ ಒತ್ತಿ, ಏನು ಬದಲಾಯಿಸಿದ್ರಿ ಅಂತ ಒಂದು ಸಾಲು ಬರೆಯಿರಿ. ಗಿಟ್‌ಹಬ್ ತಾನೇ "ಪ್ಯಾಚ್-1" ಅನ್ನೋ ಹೆಸರಿನ ಬ್ರಾಂಚ್ ಮಾಡಿ, ಹಳೆಯ ಸಾಲು ಕೆಂಪಲ್ಲಿ ಹೊಸ ಸಾಲು ಹಸಿರಲ್ಲಿ ತೋರಿಸುತ್ತೆ. ಇಲ್ಲಿ ಒಂದು ನಿಮಿಷ ನಿಂತು ನೋಡಿ. ನೀವು ಮುಟ್ಟದೇ ಇರೋ ಸಾಲುಗಳು ಕೆಂಪಾಗಿದ್ದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ. ಎಲ್ಲಾ ಸರಿ ಇದ್ದರೆ ಪುಲ್ ರಿಕ್ವೆಸ್ಟ್ ಕಳಿಸಬಹುದು.

ಕೆಲವು ಸಣ್ಣ ವಿಷಯ. ಎಂಡಿಎನ್ ಫೈಲ್‌ನ ಮೇಲ್ಭಾಗದಲ್ಲಿ ಮೂರು ಗೆರೆಗಳ ಮಧ್ಯೆ ಶೀರ್ಷಿಕೆ, ಸ್ಲಗ್ ಎಲ್ಲಾ ಇರುತ್ತೆ. ಪುಟದ ವಿಳಾಸ ಆ ಸ್ಲಗ್‌ನಿಂದಲೇ ಬರೋದು, ಅದನ್ನು ಮುಟ್ಟಬೇಡಿ. ಪಾಂಡಾಸ್‌ನಂಥ ಲೈಬ್ರರಿಯಲ್ಲಿ ಫಂಕ್ಷನ್‌ಗಳ ವಿವರಣೆ ಬೇರೆ ಫೈಲ್‌ನಲ್ಲಿ ಇರೋದೇ ಇಲ್ಲ, ಪೈಥಾನ್ ಕೋಡ್‌ನ ಒಳಗೇ ಡಾಕ್‌ಸ್ಟ್ರಿಂಗ್ ಆಗಿ ಇರುತ್ತೆ, ಸೈಟು ಅಲ್ಲಿಂದ ತಯಾರಾಗುತ್ತೆ. ಮಾರ್ಕ್‌ಡೌನ್ ಹುಡುಕಿ ಸುಸ್ತಾಗಬೇಡಿ. ಕುಬರ್ನೆಟಿಸ್ ಥರದ ದೊಡ್ಡ ಪ್ರಾಜೆಕ್ಟ್‌ಗಳು ಮೊದಲ ಸಲ ಒಂದು ಒಪ್ಪಂದಕ್ಕೆ ಆನ್‌ಲೈನ್‌ನಲ್ಲೇ ಸಹಿ ಕೇಳ್ತಾವೆ. ಓದಿ ಸಹಿ ಮಾಡಿ. ಇನ್ನೊಂದು, ಕಮಿಟ್ ಜೊತೆ ನಿಮ್ಮ ಇಮೇಲ್ ಕೂಡ ಎಲ್ಲರಿಗೂ ಕಾಣೋ ಹಾಗೆ ಉಳಿದುಬಿಡಬಹುದು. ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಗುಟ್ಟಾಗಿಡೋ ಆಯ್ಕೆ ಇದೆ, ಮೊದಲೇ ಅದನ್ನು ಆನ್ ಮಾಡ್ಕೊಳ್ಳಿ. ಎರಡು ಮೂರು ಫೈಲ್ ಒಟ್ಟಿಗೆ ತಿದ್ದಬೇಕಾದರೆ ರೆಪೊ ಪುಟದಲ್ಲಿ ಕೀಬೋರ್ಡಿನ ಚುಕ್ಕೆ ಕೀ ಒತ್ತಿ ನೋಡಿ. ವಿಎಸ್ ಕೋಡ್ ಥರದ್ದೇ ಎಡಿಟರ್ ಬ್ರೌಸರ್‌ನಲ್ಲಿ ಬಂದು ನಿಲ್ಲುತ್ತೆ. ಮೊದಲ ಸಲ ನೋಡಿದಾಗ ನಮಗಂತೂ ಮ್ಯಾಜಿಕ್ ಅನ್ನಿಸಿತ್ತು. ಆದರೆ ಅಲ್ಲಿ ಟರ್ಮಿನಲ್ ಇಲ್ಲ, ಕೋಡ್ ಓಡಿಸಿ ನೋಡೋಕೆ ಆಗಲ್ಲ.

ಬಟನ್‌ಗಳ ಕಥೆ ಇಷ್ಟೇ, ಹತ್ತು ನಿಮಿಷದಲ್ಲಿ ಕಲೀಬಹುದು. ಕಷ್ಟದ ಪ್ರಶ್ನೆ ಬೇರೆ: ಏನನ್ನ ತಿದ್ದೋದು?

ಇಲ್ಲೇ ನಮ್ಮ ಬಳಗದ ಮಾನ ಹೋಗಿರೋದು. ಡಿಜಿಟಲ್ ಓಶನ್ ಕಂಪನಿ 2014ರಿಂದ ಅಕ್ಟೋಬರ್ ತಿಂಗಳಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ನಡೆಸುತ್ತೆ. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಮಾಡಿದವರಿಗೆ ಟೀ ಶರ್ಟ್ ಅಂದರು. ರೀಡ್‌ಮಿ ಫೈಲ್‌ಗಳಿಗೆ "ಅಮೇಜಿಂಗ್ ಪ್ರಾಜೆಕ್ಟ್" ಅಂತ ಒಂದೆರಡು ಪದ ಸೇರಿಸಿದ ರಿಕ್ವೆಸ್ಟ್‌ಗಳು ರಾಶಿ ರಾಶಿ ಬಂದವು. ಮೇಂಟೇನರ್‌ಗಳು ರೊಚ್ಚಿಗೆದ್ದರು. ಕೆಲವೇ ದಿನದಲ್ಲಿ ನಿಯಮ ಬದಲಾಯ್ತು: ತಾವಾಗಿ ಒಪ್ಪಿಕೊಂಡ ರೆಪೊಗಳಷ್ಟೇ ಲೆಕ್ಕಕ್ಕೆ. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ರೆಪೊದಲ್ಲೂ ಹೀಗೇ ಆಯ್ತು. ಪುಲ್ ರಿಕ್ವೆಸ್ಟ್ ಕಲಿಸೋ ಒಂದು ವಿಡಿಯೋ ಪಾಠದಲ್ಲಿ ಉದಾಹರಣೆಗೆ ಆ ರೆಪೊವನ್ನೇ ತೋರಿಸಿದ್ದರು. ನೋಡಿದವರು ಅಲ್ಲಿಗೇ ಹೋಗಿ ರೀಡ್‌ಮಿಯಲ್ಲಿ ತಮ್ಮ ಹೆಸರು ಬರೆದು ಕಳಿಸಿದರು. ಅವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೇ ಬಹಳ. ಹಂಪಿಗೆ ಹೋಗಿ ಕಂಬದ ಮೇಲೆ ಹೆಸರು ಕೆತ್ತಿ ಬರ್ತಾರಲ್ಲ, ಹಾಗೆ.

ಒಂದೊಂದು ರಿಕ್ವೆಸ್ಟ್ ಬಂದಾಗಲೂ ಯಾರಿಗೋ ನೋಟಿಫಿಕೇಶನ್ ಹೋಗುತ್ತೆ. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಅವರು ಸಂಬಳ ಇಲ್ಲದೆ, ತಮ್ಮ ಕೆಲಸ ಮುಗಿಸಿ ರಾತ್ರಿ ಕೂತು ಓದೋರು. ಇಂಥದ್ದು ನೂರು ಮುಚ್ಚಿದ ಮೇಲೆ ನೂರಾ ಒಂದನೆಯದು ನಿಜವಾದ ತಿದ್ದುಪಡಿ ಆಗಿದ್ದರೂ ಅನುಮಾನದಿಂದಲೇ ನೋಡ್ತಾರೆ. ಅವರ ತಪ್ಪೇನಿಲ್ಲ. ಪ್ರೊಫೈಲ್‌ನಲ್ಲಿ ಹಸಿರು ಚೌಕ ತುಂಬಿಸೋ ಆಸೆಗೆ ಬೆಲೆ ಕಟ್ಟೋರು ನಮ್ಮ ಮುಂದಿನ ಬ್ಯಾಚ್‌ನವರು.

ಹಾಗಾದರೆ ಒಳ್ಳೆಯ ತಿದ್ದುಪಡಿ ಯಾವುದು? ನೀವು ನಿಜವಾಗಿ ಸಿಕ್ಕಿಹಾಕಿಕೊಂಡ ಜಾಗ. ಒಂದು ಉದಾಹರಣೆ. ಯಾವುದೋ ಪ್ರಾಜೆಕ್ಟ್‌ನ ಸೂಚನೆಯಲ್ಲಿ "ಪೈಥಾನ್" ಅನ್ನೋ ಕಮಾಂಡ್ ಕೊಡಿ ಅಂತ ಇದೆ ಅಂದ್ಕೊಳ್ಳಿ. ಉಬುಂಟು 20.04 ಅಥವಾ ಅದಕ್ಕಿಂತ ಹೊಸದನ್ನು ಹಾಕಿಕೊಂಡವರು ಅದನ್ನು ಟೈಪ್ ಮಾಡಿದರೆ ಕಮಾಂಡ್ ಸಿಗಲಿಲ್ಲ ಅಂತ ಬರುತ್ತೆ, ಯಾಕಂದ್ರೆ ಅಲ್ಲಿ ಸುಮ್ಮನೆ ಸಿಗೋದು "ಪೈಥಾನ್3" ಮಾತ್ರ. ಸೀನಿಯರ್ ಪಕ್ಕದಲ್ಲಿದ್ದರೆ ಒಂದು ಸೆಕೆಂಡಿನ ಮಾತು. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದು, ಊರಲ್ಲಿ ಒಬ್ಬನೇ ಕೂತು ಕಲೀತಿರೋ ಹುಡುಗನಿಗೆ ಅದು ಅರ್ಧ ದಿನ. ಆ ಒಂದು ಅಂಕಿ ಸೇರಿಸಿದರೆ ಅವನ ಅರ್ಧ ದಿನ ಉಳೀತು. ಸತ್ತ ಲಿಂಕ್, ಬಿಟ್ಟುಹೋದ ಇಂಪೋರ್ಟ್ ಸಾಲು, ಹೊಸ ವರ್ಶನ್‌ನಲ್ಲಿ ಹೆಸರು ಬದಲಾದ ಆಪ್ಷನ್, ವಿಂಡೋಸ್‌ನವರಿಗೆ ಬೇರೆ ಹೆಜ್ಜೆ ಬೇಕು ಅನ್ನೋ ಒಂದು ಸಾಲು, ಇವೆಲ್ಲ ಇದೇ ಜಾತಿ. ಸಿಕ್ಕಿಹಾಕಿಕೊಂಡು ಬಿಡಿಸಿಕೊಂಡ ತಕ್ಷಣ ಬರೆದಿಡಿ. ಒಂದು ವಾರ ಬಿಟ್ಟರೆ "ಇದು ಎಲ್ಲರಿಗೂ ಗೊತ್ತಿರೋದೇ" ಅನ್ನಿಸೋಕೆ ಶುರುವಾಗುತ್ತೆ. ಪ್ರಾಜೆಕ್ಟ್ ಬರೆದವರಿಗೆ ಆಗಿರೋದೂ ಅದೇ.

"ನಮ್ಮ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ" ಅಂತ ಹಿಂಜರಿಯೋರು ನಮ್ಮಲ್ಲಿ ಬಹಳ ಜನ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೂ ಈ ಅಳುಕು ಇದೆ. ಆದರೆ ಡಾಕ್ಸ್ ಓದೋ ಲೋಕದಲ್ಲಿ ಇಂಗ್ಲಿಷ್ ಮನೆಮಾತಲ್ಲದವರು ಎಷ್ಟೋ ಮಂದಿ. ಒಂದು ವಾಕ್ಯವನ್ನು ಮೂರು ಸಲ ಓದಿದರೂ ತಲೆಗೆ ಹೋಗಲಿಲ್ಲ ಅಂದರೆ ತಪ್ಪು ಓದುಗನದೇ ಅಂತ ಯಾಕೆ ಅಂದ್ಕೋಬೇಕು? ಅದನ್ನು ಎರಡು ಸಣ್ಣ ವಾಕ್ಯ ಮಾಡಿ ಕಳಿಸಿ. ವ್ಯಾಕರಣ ಸರಿಪಡಿಸೋಕೆ ರಿವ್ಯೂ ಮಾಡೋರು ಇರ್ತಾರೆ. ಚೆನ್ನಾಗೇ ಇರೋ ವಾಕ್ಯವನ್ನು ನಿಮ್ಮ ರುಚಿಗೆ ಬದಲಾಯಿಸೋದು ಬೇಡ, ಇಡೀ ಪುಟವನ್ನು ಎಐ ಕೈಲಿ ಪಾಲಿಶ್ ಮಾಡಿಸಿ ಕಳಿಸೋದಂತೂ ಬೇಡವೇ ಬೇಡ.

ರಿಕ್ವೆಸ್ಟ್‌ನ ವಿವರಣೆಯಲ್ಲಿ ಏನು ತಿದ್ದಿದ್ದೀರಿ, ಯಾಕೆ, ಯಾವ ವರ್ಶನ್‌ನಲ್ಲಿ ಪರೀಕ್ಷೆ ಮಾಡಿದ್ರಿ ಅಂತ ಮೂರು ಸಾಲು ಬರೆದರೆ ಸಾಕು. "ಪ್ಲೀಸ್ ಮರ್ಜ್ ಸರ್" ಬೇಡ. ಮೊದಲ ಸಲದವರ ರಿಕ್ವೆಸ್ಟ್‌ಗೆ ಸ್ವಯಂಚಾಲಿತ ಪರೀಕ್ಷೆಗಳು ಓಡೋಕೂ ಎಷ್ಟೋ ಕಡೆ ಮೇಂಟೇನರ್ ಅನುಮತಿ ಬೇಕು, ಹಾಗಾಗಿ ಹಳದಿ ಚುಕ್ಕೆ ದಿನಗಟ್ಟಲೆ ಹಾಗೇ ಇದ್ದರೆ ಗಾಬರಿಯಾಗಬೇಡಿ. ರಿವ್ಯೂನಲ್ಲಿ ಅವರು ಬೇರೆ ಪದ ಸೂಚಿಸಿದರೆ ಆ ಸೂಚನೆಯ ಕೆಳಗೇ ಅದನ್ನು ಕಮಿಟ್ ಮಾಡೋ ಬಟನ್ ಇರುತ್ತೆ, ಮತ್ತೆ ಎಡಿಟರ್ ತೆರೆಯೋ ಕೆಲಸವೂ ಇಲ್ಲ. ತಿರಸ್ಕರಿಸಿದರೆ ಕಾರಣ ಓದಿ. ಎಷ್ಟೋ ಸಲ ಆ ಕಾರಣದಲ್ಲೇ ಕ್ಲಾಸಿನಲ್ಲಿ ಸಿಗದ ಪಾಠ ಇರುತ್ತೆ.

ಕನ್ನಡದಲ್ಲೇ ಇಂಥ ಕೆಲಸ ಮಾಡಬೇಕು ಅನ್ನೋರಿಗೆ ಮೊಜಿಲ್ಲಾದ ಪಾಂಟೂನ್ ಇದೆ. ಫೈರ್‌ಫಾಕ್ಸ್‌ನ ಮೆನು, ಎಚ್ಚರಿಕೆ, ಬಟನ್‌ಗಳ ಸಾಲುಗಳು ಅಲ್ಲಿ ಒಂದೊಂದಾಗಿ ಬರ್ತಾವೆ, ಬ್ರೌಸರ್‌ನಲ್ಲೇ ಕನ್ನಡ ಬರೆದು ಸಲ್ಲಿಸಬಹುದು. ಹೊಸಬರದ್ದು ಮೊದಲು ಸಲಹೆಯಾಗಿ ನಿಲ್ಲುತ್ತೆ, ಅನುಭವಿಗಳು ನೋಡಿ ಒಪ್ಪಿದ ಮೇಲೆ ಒಳಗೆ ಹೋಗುತ್ತೆ. ಶುರು ಮಾಡೋ ಮುಂಚೆ ಕನ್ನಡ ಫೈರ್‌ಫಾಕ್ಸ್ ಹಾಕಿಕೊಂಡು ಎರಡು ದಿನ ಬಳಸಿ ನೋಡಿ. ಯಾವ ಪದ ಕಾಲಿಗೆ ಕಲ್ಲಿನ ಹಾಗೆ ತಾಗುತ್ತೆ ಅನ್ನೋದು ಆಗ ಗೊತ್ತಾಗುತ್ತೆ.