ಹೊಲಿಗೆ ಮಾಯಿತು, ಒಳಗೇನಾಯಿತು?

ಸಿಸೇರಿಯನ್ ಆದ ಬಾಣಂತಿಯನ್ನು ನೋಡಲು ಬಂದವರೆಲ್ಲ 'ಹೊಲಿಗೆ ಮಾಯಿತಾ?' ಎಂದು ವಿಚಾರಿಸುತ್ತಾರೆ. ಚರ್ಮದ ಗಾಯ ಕೆಲವೇ ವಾರಗಳಲ್ಲಿ ಒಣಗುತ್ತದೆ. ಅದರಡಿಯ ಉದರಪೊರೆ, ಗರ್ಭಕೋಶದ ಗೋಡೆ ಹೇಗೆ ಕೂಡಿಕೊಂಡಿವೆ ಎಂಬುದು ಮಾತ್ರ ಬಹಳಷ್ಟು ಸಲ ಮುಂದಿನ ಹೆರಿಗೆಗೆ ಹೊಟ್ಟೆ ತೆರೆದಾಗಲೇ ತಿಳಿಯುವುದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ 2015-16ರಲ್ಲಿ ಶೇ 23.6 ಇತ್ತು, 2019-21ರಲ್ಲಿ ಶೇ 31.5ಕ್ಕೆ ಏರಿತು. ಮೊದಲ ಹೆರಿಗೆ ಸಿಸೇರಿಯನ್ ಆದವರಲ್ಲಿ ಬಹುಪಾಲು ಮಂದಿಗೆ ಎರಡನೆಯದೂ ಹಾಗೆಯೇ ಆಗುತ್ತದೆ. ಆದ್ದರಿಂದ ಒಳಗಿನ ಗಾಯದ ಬಗ್ಗೆ ಪ್ರತಿ ಮನೆಯವರಿಗೂ ತಿಳಿದಿರಬೇಕು.

ಅಂಟು ಹೇಗೆ ಬೀಳುತ್ತದೆ?

ಗಾಯಗೊಂಡ ಉದರಪೊರೆಯ ಮೇಲೆ ಫೈಬ್ರಿನ್ ಎಂಬ ಅಂಟಾದ ಪದಾರ್ಥ ಕೂರುತ್ತದೆ. ಸಾಮಾನ್ಯವಾಗಿ ದೇಹವೇ ಅದನ್ನು ಕೆಲವು ದಿನಗಳಲ್ಲಿ ಕರಗಿಸುತ್ತದೆ. ರಕ್ತಸಂಚಾರ ಕಡಿಮೆಯಾದರೆ ಅಥವಾ ಸೋಂಕು ತಗುಲಿದರೆ ಅದು ಕರಗದೆ ಗಟ್ಟಿ ನಾರಾಗಿ ಬೆಳೆಯುತ್ತದೆ. ಆಗ ಗರ್ಭಕೋಶವು ಮೂತ್ರಕೋಶಕ್ಕೋ ಹೊಟ್ಟೆಯ ಗೋಡೆಗೋ ಅಂಟಿಕೊಳ್ಳಬಹುದು. ವೈದ್ಯರು ಇದನ್ನು ಅಡ್ಹೀಷನ್ ಎನ್ನುತ್ತಾರೆ.

ಯಾರಿಗೆ ಅಪಾಯ ಹೆಚ್ಚು?

ಎಲ್ಲಕ್ಕಿಂತ ದೊಡ್ಡ ಕಾರಣ ಸಿಸೇರಿಯನ್‌ಗಳ ಸಂಖ್ಯೆ. ಎರಡನೆಯ ಸಿಸೇರಿಯನ್ ವೇಳೆ ಕಾಲು ಭಾಗದಿಂದ ಅರ್ಧದಷ್ಟು ತಾಯಂದಿರಲ್ಲಿ, ಮೂರನೆಯದರ ವೇಳೆ ಶೇ 40ರಿಂದ 75ರಷ್ಟು ಮಂದಿಯಲ್ಲಿ ಅಂಟು ಕಂಡುಬಂದಿರುವುದನ್ನು ಅಧ್ಯಯನಗಳು ದಾಖಲಿಸಿವೆ. ಹಿಂದಿನ ಹೆರಿಗೆಯ ನಂತರ ಕೀವಾಗಿದ್ದರೆ, ಅಪೆಂಡಿಕ್ಸ್ ಅಥವಾ ಗರ್ಭಕೋಶದ ಗಡ್ಡೆಯ ಆಪರೇಷನ್ ಆಗಿದ್ದರೆ, ಎಂಡೊಮೆಟ್ರಿಯೋಸಿಸ್ ಅಥವಾ ಹೊಟ್ಟೆಯ ಕ್ಷಯ ಇದ್ದರೆ ಸಾಧ್ಯತೆ ಮತ್ತಷ್ಟು ಹೆಚ್ಚು.

ಅಂಟು ಬಿದ್ದವರೆಲ್ಲ ನರಳುವುದಿಲ್ಲ. ಅನೇಕರಿಗೆ ಅದು ಇರುವುದೇ ಗೊತ್ತಾಗದು. ಆದರೆ ಮುಂದಿನ ಆಪರೇಷನ್‌ನಲ್ಲಿ ಅದನ್ನು ಬಿಡಿಸಿಕೊಂಡು ಮಗುವನ್ನು ತಲುಪಲು ಹೆಚ್ಚು ಹೊತ್ತು ಬೇಕು. ಮೂತ್ರಕೋಶಕ್ಕೆ ಪೆಟ್ಟಾಗುವ, ರಕ್ತ ಹೆಚ್ಚು ಹೋಗುವ ಭಯವೂ ಉಂಟು. ಕೆಲವರನ್ನು ಕಿಬ್ಬೊಟ್ಟೆಯ ನೋವು ವರ್ಷಗಟ್ಟಲೆ ಕಾಡುತ್ತದೆ. ಅಪರೂಪಕ್ಕೆ ಕರುಳು ಸಿಕ್ಕಿಕೊಳ್ಳುತ್ತದೆ. ಹೊಟ್ಟೆ ಉಬ್ಬರಿಸಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಒಮ್ಮೆ ಗಟ್ಟಿಯಾದ ಅಂಟನ್ನು ಎಣ್ಣೆ ನೀವಿಯೋ ಪಥ್ಯ ಮಾಡಿಯೋ ಕರಗಿಸಲಾಗದು. ಆಪರೇಷನ್ ಮಾಡಿ ಬಿಡಿಸಿದರೂ ಮತ್ತೆ ಬೀಳಬಹುದು. ಹಾಗಾಗಿ ತಡೆಯುವುದಕ್ಕೆ ಒತ್ತು ಬೇಕು, ಅದೂ ಮೊದಲ ಹೆರಿಗೆಯಲ್ಲೇ. ತಾಯಿ-ಮಗುವಿನ ಜೀವ ಉಳಿಸಲು ಸಿಸೇರಿಯನ್ ಬೇಕೆಂದಾಗ ಹಿಂಜರಿಯಬಾರದು. ಮುಹೂರ್ತ ನೋಡಿ ಕೊಯ್ಯಿಸುವುದು, ನೋವಿನ ಭಯಕ್ಕೆ ಹೊಟ್ಟೆ ತೆರೆಸುವುದು ಬೇರೆ ಮಾತು; ಅದರ ಬೆಲೆಯನ್ನು ಮುಂದಿನ ಬಸಿರಿನಲ್ಲಿ ತೆರಬೇಕಾದೀತು.

ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ, ಎರಡನೆಯದು ಬೇರೊಂದು ಊರಿನಲ್ಲಿ ಆಗುವುದುಂಟು. ಹೊಸ ವೈದ್ಯರಿಗೆ ಹಳೆಯ ಗಾಯದ ಚರಿತ್ರೆ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಚೀಟಿಯನ್ನು ತಾಯಿ ಕಾರ್ಡ್ ಜೊತೆಗೇ ಜೋಪಾನವಾಗಿಡಿ. ಆಪರೇಷನ್ ವೇಳೆ ಅಂಟು ಕಂಡಿತೇ ಎಂದು ಮನೆಗೆ ಹೊರಡುವ ಮುನ್ನ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಬಾರಿ ಸಹಜ ಹೆರಿಗೆಗೆ ಅವಕಾಶವಿದೆಯೇ, ರಕ್ತದ ವ್ಯವಸ್ಥೆಯಿರುವ ದೊಡ್ಡ ಆಸ್ಪತ್ರೆ ಬೇಕೇ ಎಂದು ವೈದ್ಯರು ತೀರ್ಮಾನಿಸಲು ಆ ಚೀಟಿಯ ನಾಲ್ಕು ಸಾಲು ನೆರವಾಗುತ್ತವೆ.