ನಿಮಗಿದು ಗೊತ್ತೇ? ಯಾವ ನೂರಕ್ಕೆ ಎಷ್ಟು?

ದಾವಣಗೆರೆ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ. ಜಗಳೂರಿನ ಮಕ್ಕಳಿಗೆ ಅದು ಜಿಲ್ಲೆಯ ಇನ್ನೊಂದು ತುದಿ. ಐದನೇ ತರಗತಿಯಲ್ಲಿ ಬರೆಯುವ ಅದರ ಪ್ರವೇಶ ಪರೀಕ್ಷೆಗೆ 80 ಪ್ರಶ್ನೆ, 100 ಅಂಕ. ಒಂದು ಪ್ರಶ್ನೆಗೆ ಒಂದೂಕಾಲು ಅಂಕ! ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ ಭಿನ್ನರಾಶಿ ಶುರು.

ಅದರಲ್ಲಿ ಗಣಿತಕ್ಕೆ 20 ಪ್ರಶ್ನೆ, 25 ಅಂಕ, 30 ನಿಮಿಷ. ಪ್ರಶ್ನೆ, ಅಂಕ, ಹೊತ್ತು ಮೂರರಲ್ಲೂ ಪಾಲು ಕಾಲೇ. ಲೆಕ್ಕ ಒಂದಕ್ಕೆ ಒಂದೂವರೆ ನಿಮಿಷ.

ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಶೇ 75ರಷ್ಟು ಹಳ್ಳಿ ಮಕ್ಕಳಿಗೆ, ಅಂದರೆ 60. ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ, ಅಂದರೆ ಇಪ್ಪತ್ತಾರು ಮತ್ತು ಮೂರನೇ ಎರಡು! ಮಕ್ಕಳನ್ನು ತುಂಡು ಮಾಡುವಂತಿಲ್ಲ, 27 ಎನ್ನಬೇಕು. 60ಕ್ಕೆ 27 ಕೂಡಿಸಿದರೆ 87 ಆಗಿ ಸೀಟೇ ಸಾಲದು. ಹಳ್ಳಿಯ ಹುಡುಗಿ ಎರಡೂ ಲೆಕ್ಕದಲ್ಲಿ ಬರುತ್ತಾಳೆ ಎಂಬುದನ್ನು ಮರೆತವರಿಗೆ ಈ ಗತಿ.

ಮೂರು, ನಾಲ್ಕು, ಐದನೇ ತರಗತಿಗಳ ನಡುವೆ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಲೆಕ್ಕಕ್ಕೆ ಹೋಗುತ್ತದೆ. ಇಲ್ಲಿ ಶೇಕಡಾವಾರು ರಿಯಾಯಿತಿ ಇಲ್ಲ.

ಎಂಟನೇ ತರಗತಿಯವರು ವಿದ್ಯಾರ್ಥಿವೇತನಕ್ಕಾಗಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ತಲಾ 90 ಅಂಕದ ಎರಡು ಪತ್ರಿಕೆ. ಅರ್ಹತೆಗೆ ಒಟ್ಟು ಶೇ 40 ಬೇಕು: 72. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 32 ಸಾಕು: 57.6. ಪ್ರಶ್ನೆಗೆ ಒಂದೇ ಅಂಕ ಇರುವಲ್ಲಿ 57.6 ಬರುವುದು ಹೇಗೆ? 58 ಮುಟ್ಟಬೇಕು. ಗೆದ್ದರೆ ವರ್ಷಕ್ಕೆ 12,000 ರೂಪಾಯಿ. ಆದರೆ ನವೋದಯದಲ್ಲಿ ಓದುವವರಿಗೆ ಈ ವಿದ್ಯಾರ್ಥಿವೇತನ ಇಲ್ಲ.

ಶೇಕಡಾ ಲೆಕ್ಕಕ್ಕೆ ಒಂದು ಸುಲಭ ಉಪಾಯ ನೋಡಿ. 25ರ ಶೇ 48 ಎಷ್ಟು? ತಲೆ ಕೆಡಿಸಿಕೊಳ್ಳಬೇಡಿ, ತಿರುಗಿಸಿ ಕೇಳಿ: 48ರ ಶೇ 25? ಕಾಲು ಭಾಗ, 12. ಎರಡಕ್ಕೂ ಉತ್ತರ ಒಂದೇ, ಯಾವಾಗಲೂ.

ಈಗ ಜಗಳೂರಿನ ಕಣಕ್ಕೆ ಬನ್ನಿ. 100 ಕ್ವಿಂಟಲ್ ಮೆಕ್ಕೆಜೋಳದಲ್ಲಿ ತೇವಾಂಶ ಶೇ 28. ಬಿಸಿಲಿಗೆ ಹರವಿ ಶೇ 10ಕ್ಕೆ ಇಳಿಸಿದಿರಿ. ಉಳಿದದ್ದೆಷ್ಟು? 18 ಹೋಯಿತು, 82 ಉಳಿಯಿತು ಎಂದರೆ ತಪ್ಪು. ಒಣ ಕಾಳು ಮೊದಲೂ 72 ಕ್ವಿಂಟಲ್, ಈಗಲೂ 72. ಈಗ ಅದು ಒಟ್ಟು ತೂಕದ ಶೇ 90. ಹಾಗಾದರೆ ಒಟ್ಟು 80 ಕ್ವಿಂಟಲ್. ಮೊದಲ ಶೇ 28 ಹಸಿ ರಾಶಿಯ ಮೇಲೆ, ಆಮೇಲಿನ ಶೇ 10 ಒಣಗಿದ ರಾಶಿಯ ಮೇಲೆ. ಪರೀಕ್ಷೆಯ ಆಯ್ಕೆಗಳಲ್ಲಿ 82 ಖಂಡಿತ ಇರುತ್ತದೆ, ಅದಕ್ಕೇ ಇಟ್ಟಿರುತ್ತಾರೆ.

ಬೆಲೆ ಶೇ 20 ಏರಿ, ಮತ್ತೆ ಶೇ 20 ಇಳಿದರೆ? 100 ಹೋಗಿ 120, ಅದು ಹೋಗಿ 96. ಇದೂ ಅದೇ ಜಾತಿಯ ಬಲೆ.

ತಪ್ಪು ಉತ್ತರಕ್ಕೆ ನವೋದಯದಲ್ಲಿ ಅಂಕ ಕಡಿತವಿಲ್ಲ. ನಾಲ್ಕು ಆಯ್ಕೆಯಲ್ಲಿ ಒಂದು ಸರಿ. 20 ಪ್ರಶ್ನೆಗೂ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 5 ಸರಿ, ಆರೂಕಾಲು ಅಂಕ. ಖಾಲಿ ಬಿಡುವುದು ದಡ್ಡತನ.

ಭಿನ್ನರಾಶಿಯ ಆಟ ಹಳೆಯದು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಅಂಶದಲ್ಲಿ ಬರೀ 1 ಇರುವ ಭಿನ್ನಗಳನ್ನು ಕೂಡಿಸಿ ಒಂದನ್ನು ಮಾಡುವ ಸೂತ್ರ ಅಲ್ಲಿದೆ. 1/2, 1/3, 1/6 ಸೇರಿದರೆ ಒಂದು. ನಾಲ್ಕು ತುಂಡು ಬೇಕೆ? 1/2, 1/3, 1/9, 1/18. ಐದು ಬೇಕೆ? 1/2, 1/3, 1/9, 1/27, 1/54. ಆರನ್ನು ನೀವೇ ಹುಡುಕಿ, ಸಮಯ ಒಂದೂವರೆ ನಿಮಿಷ.