ದೂರದರ್ಶನದ ಒಂದು ದಿನ: ವಾರ್ತೆ ಮತ್ತು ಇತಿಹಾಸ

1980ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರು ದೂರದರ್ಶನ ಕೇಂದ್ರದ ಪ್ರಸಾರ ತಲಪುತ್ತಿದ್ದ ಮನೆಗಳಲ್ಲಿ ಸಂಜೆಯು ಒಂದು ನಿಶ್ಚಿತ ಕ್ರಮದಲ್ಲಿ ಸಾಗುತ್ತಿತ್ತು. ಮೊದಲು ರೈತರಿಗಾಗಿ ಕೃಷಿಯ ಮಾತುಕತೆ, ಬಳಿಕ ಕನ್ನಡ ವಾರ್ತೆ, ಒಂದಿಷ್ಟು ಸಂಗೀತ ಅಥವಾ ನಾಟಕ; ಅನಂತರ ಪರದೆ ದೆಹಲಿಗೆ ಹೊರಳುತ್ತಿತ್ತು. ಹಿಂದಿ ವಾರ್ತೆ, ಧಾರಾವಾಹಿ, ಇಂಗ್ಲಿಷ್ ವಾರ್ತೆ ಒಂದರ ಹಿಂದೆ ಒಂದು ಬರುತ್ತಿದ್ದುವು. ಆ ಧಾರಾವಾಹಿಯು ದೇಶದ ಇತಿಹಾಸಕ್ಕೆ ಸಂಬಂಧಿಸಿದ್ದಾದರೆ ವೀಕ್ಷಕನು ಒಂದೇ ಆಸನದಲ್ಲಿ ಕುಳಿತು, ಒಂದೇ ಗಂಟೆಯ ಅಂತರದಲ್ಲಿ, ಇಂದಿನ ಭಾರತವನ್ನೂ ಅಂದಿನ ಭಾರತವನ್ನೂ ನೋಡುತ್ತಿದ್ದನು. ಎರಡನ್ನೂ ಅವನಿಗೆ ತೋರಿಸುತ್ತಿದ್ದುದು ಒಂದೇ ಸಂಸ್ಥೆ. ಆದಕಾರಣ ಒಂದರ ಮೇಲಿನ ನಂಬಿಕೆ ಇನ್ನೊಂದರ ನಂಬಿಕೆಗೆ ಆಧಾರವಾಗುತ್ತಿತ್ತು. ಒಂದರಲ್ಲಿ ಬಿರುಕು ಕಂಡರೆ ಇನ್ನೊಂದೂ ಸಡಿಲವಾಗುತ್ತಿತ್ತು.

ಭಾರತದಲ್ಲಿ ದೂರದರ್ಶನವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗರೂಪದಿಂದ ಆರಂಭವಾಯಿತು. ದಿನನಿತ್ಯದ ಪ್ರಸಾರವೂ ವಾರ್ತಾಪ್ರಸಾರವೂ ಬಂದುದು 1965ರಲ್ಲಿ. 1976ರ ಏಪ್ರಿಲ್ 1ರವರೆಗೆ ಅದು ಆಕಾಶವಾಣಿಯ ಒಂದು ಅಂಗವಾಗಿತ್ತು. ಬೆಂಗಳೂರು ಕೇಂದ್ರವು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನದಂದೇ, ತೆರೆಯಿತು. ಈ ಮೈಲಿಗಲ್ಲುಗಳು ಬಹುಮಂದಿಗೆ ತಿಳಿದಿವೆ. ಅಷ್ಟಾಗಿ ನೆನಪಿನಲ್ಲಿ ಉಳಿಯದಿರುವುದು, ಬೆಂಗಳೂರಿಗಿಂತ ಆರು ವರ್ಷ ಮೊದಲೇ ಉತ್ತರ ಕರ್ನಾಟಕದ ಹಳ್ಳಿಗಳು ಕನ್ನಡದಲ್ಲಿ ದೂರದರ್ಶನವನ್ನು ಕಂಡಿದ್ದುವೆಂಬ ಸಂಗತಿ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತವು ಅಮೆರಿಕದ ನಾಸಾ ಸಂಸ್ಥೆಯಿಂದ ಎರವಲು ಪಡೆದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮಗಳನ್ನು ಮುಟ್ಟಿಸಿತು. 'ಸೈಟ್' ಎಂಬ ಸಂಕ್ಷಿಪ್ತ ಹೆಸರಿನ ಈ ಪ್ರಯೋಗದಲ್ಲಿ ಕರ್ನಾಟಕದಿಂದ ಆರಿಸಲ್ಪಟ್ಟವು ಆಗಿನ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಊರಿನ ಒಂದು ಸಾರ್ವಜನಿಕ ಸ್ಥಳದಲ್ಲಿ ಪೆಟ್ಟಿಗೆ, ಅದರ ಬಳಿ ತಂತಿಬಲೆಯಿಂದ ಮಾಡಿದ ಸುಮಾರು ಮೂರು ಮೀಟರ್ ಅಗಲದ ದೊಡ್ಡ ಬೋಗುಣಿಯಂಥ ಆ್ಯಂಟೆನಾ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾಬಾಲಕರಿಗೆ, ಸಂಜೆ ಎರಡೂವರೆ ಗಂಟೆ ವಯಸ್ಕರಿಗೆ ಪ್ರಸಾರ. ಉಪಗ್ರಹದಲ್ಲಿ ಒಂದು ಚಿತ್ರದೊಡನೆ ಎರಡು ಧ್ವನಿವಾಹಿನಿಗಳಿಗೆ ಅವಕಾಶವಿದ್ದುದರಿಂದ ಒಂದೇ ಚಿತ್ರಕ್ಕೆ ಎರಡು ಭಾಷೆಗಳನ್ನು ಜೋಡಿಸಬಹುದಾಗಿತ್ತು.

ಸಂಜೆಯ ಅವಧಿಯಲ್ಲಿ ಎಲ್ಲ ರಾಜ್ಯಗಳಿಗೂ ಸಾಮಾನ್ಯವಾದ ರಾಷ್ಟ್ರೀಯ ಕಾರ್ಯಕ್ರಮವೊಂದಿದ್ದು, ಅದರಲ್ಲಿ ವಾರ್ತೆಯೂ ಸೇರಿತ್ತು. ಇಲ್ಲಿ ಒಂದು ಮಾತನ್ನು ಮರೆಯಲಾಗದು. ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದುದು 1975ರ ಜೂನ್ 25ರ ರಾತ್ರಿ. ಸೈಟ್ ಆರಂಭವಾದುದು ಅದಾದ ಐದು ವಾರಗಳಿಗೆ. ಪತ್ರಿಕೆಗಳ ಮೇಲೆ ಪೂರ್ವಪರಿಶೀಲನೆಯ ಕತ್ತರಿಯಾಡುತ್ತಿದ್ದ ಕಾಲವದು. ಆ ಹಳ್ಳಿಗಳ ಜನರು ತಮ್ಮ ಜೀವನದಲ್ಲಿ ಮೊದಲಬಾರಿಗೆ ಚಿತ್ರಸಹಿತವಾಗಿ ನೋಡಿದ ವಾರ್ತೆಯು ಸರ್ಕಾರ ಹೇಳಬಯಸಿದಷ್ಟನ್ನೇ ಹೇಳುವ ವಾರ್ತೆಯಾಗಿತ್ತು. ಬೀಜೋಪಚಾರ, ಶಿಶುಪಾಲನೆ, ವಿಜ್ಞಾನದ ಪಾಠಗಳು ನಿಸ್ಸಂದೇಹವಾಗಿ ಉಪಯುಕ್ತವಾಗಿದ್ದುವು. ವಾರ್ತೆಯ ವಿಷಯದಲ್ಲಿ ಮಾತ್ರ ಆ ಅದ್ಭುತ ಯಂತ್ರವು ಹುಟ್ಟಿನಿಂದಲೇ ಒಂದು ಕಣ್ಣು ಮುಚ್ಚಿಕೊಂಡಿತ್ತೆನ್ನಬೇಕು.

ಈ ದೌರ್ಬಲ್ಯದ ಪರಿಣಾಮ ಸಂಪೂರ್ಣವಾಗಿ ಬಯಲಾದುದು 1984ರ ಅಕ್ಟೋಬರ್ 31ರಂದು. ಅಂದು ಬೆಳಿಗ್ಗೆ ಸುಮಾರು 9-20ರ ವೇಳೆಗೆ ಪ್ರಧಾನಿ ಇಂದಿರಾ ಗಾಂಧಿಯವರು ಸಫ್ದರ್‌ಜಂಗ್ ರಸ್ತೆಯ ತಮ್ಮ ನಿವಾಸದಿಂದ ಪಕ್ಕದ ಕಚೇರಿಯತ್ತ ತೋಟದ ಹಾದಿಯಲ್ಲಿ ನಡೆದುಹೋಗುತ್ತಿದ್ದಾಗ ಅವರ ಅಂಗರಕ್ಷಕರಿಬ್ಬರು ಗುಂಡು ಹಾರಿಸಿದರು. ವಿಧಿಯ ವಿಪರ್ಯಾಸವೆಂದರೆ, ಅವರು ಹೋಗುತ್ತಿದ್ದುದು ದೂರದರ್ಶನದ ಸಂದರ್ಶನವೊಂದಕ್ಕೆ. ಐರಿಷ್ ಟೆಲಿವಿಷನ್ನಿಗಾಗಿ ಸಾಕ್ಷ್ಯಚಿತ್ರ ತೆಗೆಯುತ್ತಿದ್ದ ನಟ, ಲೇಖಕ ಪೀಟರ್ ಉಸ್ತಿನೋವ್ ಮತ್ತು ಅವರ ತಂಡ ಛಾಯಾಯಂತ್ರಗಳನ್ನು ಸಜ್ಜುಗೊಳಿಸಿಕೊಂಡು ಅಲ್ಲಿಯೇ ಕಾಯುತ್ತಿದ್ದರು.

ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಮುಂದೆ ಜನ ನೆರೆಯಿತು. ಬಿ.ಬಿ.ಸಿ. ರೇಡಿಯೋ ಮಧ್ಯಾಹ್ನದ ವೇಳೆಗಾಗಲೇ ಮರಣವಾರ್ತೆಯನ್ನು ಜಗತ್ತಿಗೆ ತಿಳಿಸಿತ್ತು. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ರಾಜೀವ ಗಾಂಧಿಯವರು ಸ್ವಂತ ತಾಯಿಯ ವಿಷಯವನ್ನು ತಿಳಿಯಲು ಟ್ರಾನ್ಸಿಸ್ಟರಿಗೆ ಕಿವಿಗೊಟ್ಟು ಆಲಿಸಿದುದು ಆ ವಿದೇಶೀ ವಾಹಿನಿಯನ್ನೇ. ಭಾರತದ ಆಕಾಶವಾಣಿ ಹಾಗೂ ದೂರದರ್ಶನಗಳಲ್ಲಿ ಅಧಿಕೃತ ಘೋಷಣೆ ಬಂದುದು ಸಂಜೆ. ದೂರದರ್ಶನದಲ್ಲಿ ಆ ವಾರ್ತೆಯನ್ನು ಓದಿದವರು ಸಲ್ಮಾ ಸುಲ್ತಾನ್. ದಾಳಿ ನಡೆದು ಎಷ್ಟೋ ಗಂಟೆಗಳು ಕಳೆದಿದ್ದುವು.

ಈ ವಿಳಂಬವನ್ನು ಸಮರ್ಥಿಸುವವರೂ ಇದ್ದಾರೆ. ಉತ್ತರಾಧಿಕಾರಿಯ ನಿಶ್ಚಯವಾಗುವ ಮುನ್ನ ಸುದ್ದಿ ಹರಡಿದ್ದರೆ ದೇಶ ಅಲ್ಲೋಲಕಲ್ಲೋಲವಾಗುತ್ತಿತ್ತೆಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಆದರೆ ಸುದ್ದಿ ಹರಡದೆ ಇರಲಿಲ್ಲ. ಅದು ವದಂತಿಯ ರೂಪದಲ್ಲಿ ಹರಡಿತು. ಮನೆಯ ಹಿರಿಯನು ಮೌನವಾಗಿದ್ದರೆ ಮನೆಯ ಸುದ್ದಿಯನ್ನು ನೆರೆಯವರ ಬಾಯಿಂದ ಕೇಳಬೇಕಾಗುತ್ತದೆ. ದೇಶದ ಪ್ರಜೆಗಳಿಗೆ ಅಂದು ಒದಗಿದುದು ಅದೇ ಸ್ಥಿತಿ.

ಮುಂದಿನ ಮೂರು ದಿನಗಳ ಪ್ರಸಾರವು ಇನ್ನೂ ಕ್ಲಿಷ್ಟವಾದ ಪ್ರಶ್ನೆಗಳನ್ನೆತ್ತಿತು. ತೀನ್‌ಮೂರ್ತಿ ಭವನದಲ್ಲಿ ಅಂತಿಮದರ್ಶನದ ದೃಶ್ಯಗಳು ಮನೆಮನೆಗೆ ನೇರವಾಗಿ ಬಂದುವು. ಅಲ್ಲಿ ನೆರೆದವರ ಪ್ರತೀಕಾರದ ಕೂಗುಗಳೂ ಆ ಪ್ರಸಾರದೊಡನೆ ಕೇಳಿಬಂದುವೆಂಬುದು ಆಮೇಲೆ ಕಟುಟೀಕೆಗೆ ಗುರಿಯಾಯಿತು. ನವೆಂಬರ್ 3ರಂದು ಅಂತ್ಯಕ್ರಿಯೆಯನ್ನು ಇಡೀ ದೇಶ ಕಂಡಿತು. ಅದೇ ದಿನಗಳಲ್ಲಿ ದೆಹಲಿಯ ಬಡಾವಣೆಗಳಲ್ಲಿ ಸಿಖ್ಖರ ಹತ್ಯಾಕಾಂಡ ನಡೆಯುತ್ತಿತ್ತು. ದೆಹಲಿಯೊಂದರಲ್ಲಿಯೇ 2,733 ಮಂದಿ ಮಡಿದರೆಂದು ಅನಂತರದ ಅಧಿಕೃತ ಲೆಕ್ಕ ಹೇಳುತ್ತದೆ. ಆ ಬೆಂಕಿಯ, ಆ ಆರ್ತನಾದದ ಪೂರ್ಣಚಿತ್ರ ದೂರದರ್ಶನದ ಪರದೆಯ ಮೇಲೆ ಮೂಡಲಿಲ್ಲ. ಒಂದು ಚಿತೆಯನ್ನು ಎಲ್ಲರೂ ನೋಡಿದರು. ಸಾವಿರಾರು ಚಿತೆಗಳನ್ನು ಯಾರೂ ನೋಡಲಿಲ್ಲ.

ವಾರ್ತೆಯು ತೋರಿಸದಿದ್ದುದನ್ನು ಇತಿಹಾಸವು ಬೇರೊಂದು ಬಾಗಿಲಿನಿಂದ ಒಳತಂದುದು ಈ ಕಥನದ ಮುಖ್ಯಘಟ್ಟ. 1988ರ ಜನವರಿಯಲ್ಲಿ ದೂರದರ್ಶನವು ಗೋವಿಂದ ನಿಹಲಾನಿಯವರ 'ತಮಸ್' ಎಂಬ ಧಾರಾವಾಹಿಯನ್ನು ಪ್ರಸಾರಮಾಡತೊಡಗಿತು. ಭೀಷ್ಮ ಸಾಹನಿಯವರ ಹಿಂದಿ ಕಾದಂಬರಿ ಅದಕ್ಕೆ ಮೂಲ. ದೇಶವಿಭಜನೆಯ ಹೊಸ್ತಿಲಲ್ಲಿ ಪಂಜಾಬಿನ ಒಂದು ಪಟ್ಟಣದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಕೋಮುಗಲಭೆಯನ್ನು ಹೇಗೆ ಹೊತ್ತಿಸಲಾಯಿತೆಂಬುದು ಅದರ ವಸ್ತು. ಊರು ಬಿಟ್ಟು ಓಡುವ ವೃದ್ಧ ಸಿಖ್ ದಂಪತಿಗಳಲ್ಲಿ ಗಂಡನ ಪಾತ್ರವನ್ನು ಸ್ವತಃ ಕಾದಂಬರಿಕಾರರೇ ವಹಿಸಿದ್ದರು. ಕಥೆ 1947ರದು, ಆದರೆ ಮೂರು ವರ್ಷಗಳ ಹಿಂದಿನ ನವೆಂಬರನ್ನು ನೆನೆಯದೆ ಅದನ್ನು ನೋಡಿದವರು ವಿರಳ.

ಧಾರಾವಾಹಿಯು ಕೋಮುಭಾವನೆಯನ್ನು ಕೆರಳಿಸುತ್ತದೆಂದು ಆಕ್ಷೇಪಿಸಿ ಮುಂಬಯಿಯ ಉಚ್ಚ ನ್ಯಾಯಾಲಯಕ್ಕೆ ಮನವಿ ಹೋಯಿತು. ಪ್ರಸಾರಕ್ಕೆ ತಾತ್ಕಾಲಿಕ ತಡೆಯೂ ದೊರೆಯಿತು. ಆಗ ನ್ಯಾಯಮೂರ್ತಿ ಲೆಂಟಿನ್ ಹಾಗೂ ನ್ಯಾಯಮೂರ್ತಿ ಸುಜಾತಾ ಮನೋಹರ್ ಅವರು ಧಾರಾವಾಹಿಯನ್ನು ಸ್ವತಃ ವೀಕ್ಷಿಸಿ ತಡೆಯನ್ನು ತೆರವುಮಾಡಿದರು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ ಅದೇ ವರ್ಷದ ಫೆಬ್ರವರಿಯಲ್ಲಿ ಇತ್ಯರ್ಥವಾಯಿತು. ಪ್ರಸಾರವನ್ನು ನಿಷೇಧಿಸಲು ಆ ನ್ಯಾಯಾಲಯ ಒಪ್ಪಲಿಲ್ಲ. ಕೃತಿಯೊಂದರ ಪರಿಣಾಮವನ್ನು ಅಳೆಯಬೇಕಾದುದು ಸಣ್ಣ ಮಾತಿಗೂ ಬೆದರುವ ದುರ್ಬಲಚಿತ್ತರ ಅಳತೆಗೋಲಿನಿಂದಲ್ಲ, ವಿವೇಕವೂ ಧೈರ್ಯವೂ ಉಳ್ಳ ಸಾಧಾರಣ ಮನುಷ್ಯನ ಅಳತೆಗೋಲಿನಿಂದ ಎಂಬುದು ಆ ತೀರ್ಪಿನ ತಿರುಳು. ಅಹಿತಕರವಾದ ಗತಕಾಲವೂ ಕಲಿಯುವವರಿಗೆ ಪಾಠವೇ ಎಂಬ ನಿಲುವನ್ನು ನ್ಯಾಯಮೂರ್ತಿಗಳು ತಳೆದರು. ಕಾನೂನಿನ ಗ್ರಂಥಗಳಲ್ಲಿ ಈ ತೀರ್ಪಿಗೆ ಸ್ಥಾನವಿದೆ. ಇತಿಹಾಸದ ಅಧ್ಯಾಪಕರೂ ಇದನ್ನು ಬಲ್ಲವರಾಗಿರುವುದು ಮೇಲು. ತರಗತಿಯಲ್ಲಿ ಯಾವುದನ್ನು ಹೇಳಬಹುದು, ಯಾವುದನ್ನು ಬಿಡಬೇಕೆಂಬ ಅವರ ನಿತ್ಯದ ಸಂಕಟಕ್ಕೆ ಇದರಲ್ಲಿ ಒಂದು ಉತ್ತರವಿದೆ.

ಅದೇ ವರ್ಷದ ಅಕ್ಟೋಬರ್ 2ರಿಂದ ಭಾನುವಾರದ ಬೆಳಗುಗಳಲ್ಲಿ ಬಿ. ಆರ್. ಚೋಪ್ರಾ ಅವರ 'ಮಹಾಭಾರತ' ಬರತೊಡಗಿ ಬೀದಿಗಳು ನಿರ್ಜನವಾದ ಕಥೆ ಎಲ್ಲರಿಗೂ ಗೊತ್ತು. ಅದರ ಭರಾಟೆಯಲ್ಲಿ ಇನ್ನೊಂದು ಮಹತ್ಕಾರ್ಯಕ್ಕೆ ದೊರೆಯಬೇಕಾದಷ್ಟು ಗಮನ ದೊರೆಯಲಿಲ್ಲ. ಶ್ಯಾಮ್ ಬೆನೆಗಲ್ ಅವರ 'ಭಾರತ್ ಏಕ್ ಖೋಜ್' ಅದು. ಜವಾಹರಲಾಲ್ ನೆಹರೂ ಅವರು ಅಹಮದ್‌ನಗರದ ಕೋಟೆಯ ಸೆರೆಯಲ್ಲಿ 1944ರಲ್ಲಿ ಬರೆದು 1946ರಲ್ಲಿ ಪ್ರಕಟವಾದ ಗ್ರಂಥವನ್ನು ಆಧರಿಸಿ, ಸಿಂಧೂ ನಾಗರಿಕತೆಯಿಂದ ಸ್ವಾತಂತ್ರ್ಯದವರೆಗಿನ ಕಥೆಯನ್ನು 53 ಕಂತುಗಳಲ್ಲಿ ಅದು ಹೇಳಿತು.

ಅದರ ನಿರೂಪಣಾಕ್ರಮ ವಿವೇಚನೆಗೆ ಯೋಗ್ಯವಾಗಿದೆ. ನೆಹರೂ ಪಾತ್ರದಲ್ಲಿ ರೋಶನ್ ಸೇಠ್ ವೀಕ್ಷಕರೊಡನೆ ನೇರವಾಗಿ ಮಾತನಾಡುವರು. ಓಂ ಪುರಿ ನಿರೂಪಕರಾಗಿ ಕಥೆಯನ್ನು ಮುಂದಕ್ಕೊಯ್ಯುವರು. ನಡುನಡುವೆ ನಾಟಕದ ದೃಶ್ಯಗಳು. ನಿರೂಪಕರಾದ ಓಂ ಪುರಿಯವರೇ ಒಮ್ಮೆ ದುರ್ಯೋಧನ, ಇನ್ನೊಮ್ಮೆ ಅಶೋಕ, ಮತ್ತೊಮ್ಮೆ ಔರಂಗಜೇಬ್. ಕೆಲವರಿಗೆ ಇದು ಗೊಂದಲವೆನಿಸಿತು. ವಾಸ್ತವದಲ್ಲಿ ಇದರಿಂದಾದ ಉಪಕಾರ ದೊಡ್ಡದು. ಕಣ್ಣೆದುರಿಗಿರುವುದು ಅಶೋಕನಲ್ಲ, ಅಶೋಕನನ್ನು ಕುರಿತು ಒಬ್ಬರು ಹೇಳುತ್ತಿರುವ ಮಾತು ಎಂಬ ಎಚ್ಚರವನ್ನು ಅದು ವೀಕ್ಷಕನಲ್ಲಿ ಉಳಿಸಿತು. ಮಹಾಭಾರತದ ಪ್ರಸಂಗವನ್ನು ತೋರಿಸುವಾಗಲೂ ತೀಜನ್ ಬಾಯಿಯವರ ಪಂಡವಾನೀ ಗಾಯನವನ್ನು ತಂದು, ಜನರು ಆ ಕಥೆಯನ್ನು ತಲೆತಲಾಂತರದಿಂದ ಹೇಗೆ ಹಾಡಿಕೊಂಡು ಬಂದರೆಂಬುದನ್ನು ಅದು ತೋರಿಸಿತು. ಪುರಾಣಕ್ಕೂ ಇತಿಹಾಸಕ್ಕೂ ನಡುವಿನ ಗೆರೆಯನ್ನು ಉಪನ್ಯಾಸವಿಲ್ಲದೆ ಎಳೆದ ಜಾಣ್ಮೆಯಿದು.

ಕನ್ನಡಿಗರು ಅಭಿಮಾನಪಡಬೇಕಾದ ಒಂದು ಸಂಗತಿ ಇಲ್ಲಿದೆ. ಆ ಧಾರಾವಾಹಿಯ ಛಾಯಾಗ್ರಹಣದ ಹೊಣೆ ಹೊತ್ತವರು ಮೈಸೂರಿನಲ್ಲಿ 1923ರಲ್ಲಿ ಜನಿಸಿದ ವಿ. ಕೆ. ಮೂರ್ತಿಯವರು. ಗುರುದತ್ತರ ಚಿತ್ರಗಳಲ್ಲಿ ನೆರಳು ಬೆಳಕುಗಳಿಂದ ಕಾವ್ಯವನ್ನೇ ಬರೆದ ಈ ಕಲಾವಿದರು 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರು. ವಿಜಯನಗರದ ಪತನ, ಟಿಪ್ಪು ಸುಲ್ತಾನನ ಹೋರಾಟ ಮೊದಲಾದ ಕನ್ನಡನಾಡಿನ ಅಧ್ಯಾಯಗಳನ್ನು ಸಮಸ್ತ ದೇಶವು ಅಂದು ನೋಡಿದುದು ಒಬ್ಬ ಕನ್ನಡಿಗನ ಕಣ್ಣಿನಿಂದ.

1990ರಲ್ಲಿ ಸಂಸತ್ತು ಪ್ರಸಾರ ಭಾರತಿ ಕಾಯಿದೆಯನ್ನು ಅಂಗೀಕರಿಸಿತು. ಅದು ಜಾರಿಗೆ ಬಂದುದು 1997ರಲ್ಲಿ. ಈ ನಡುವೆ 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಸಾರಿತು. ಖಾಸಗಿ ವಾಹಿನಿಗಳು ಬಂದ ಮೇಲೆ ವಾರ್ತೆಗೆ ವಿಳಂಬವೆಂಬ ರೋಗ ಹೋಗಿ ಅವಸರವೆಂಬ ರೋಗ ತಗಲಿತು. ಅದು ಬೇರೊಂದು ಲೇಖನದ ವಸ್ತು.

ಈಗ ಉಳಿದಿರುವ ಪ್ರಶ್ನೆ ಸಂಗ್ರಹದ್ದು. ದೂರದರ್ಶನದ ಹಳೆಯ ದಿನವೊಂದು ಎಲ್ಲಿದೆ? ಚಿತ್ರಸುರುಳಿಗಳು ಶಿಥಿಲವಾಗುತ್ತವೆ, ಕಾಂತಪಟ್ಟಿಗಳ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಮುದ್ರಿಸಬಹುದು. ಬೆಲೆಬಾಳುವ ಪಟ್ಟಿಯನ್ನು ಮತ್ತೆ ಬಳಸುವುದು ಜಗತ್ತಿನ ಅನೇಕ ಪ್ರಸಾರ ಸಂಸ್ಥೆಗಳಲ್ಲಿ ರೂಢಿಯಾಗಿತ್ತು. ಧಾರಾವಾಹಿಗಳಿಗಾದರೋ ಮರುಪ್ರಸಾರದ ಬೆಲೆಯಿತ್ತು, ಆದುದರಿಂದ ಅವು ಬಹುಮಟ್ಟಿಗೆ ಉಳಿದುವು. ನಿನ್ನೆಯ ವಾರ್ತೆಯನ್ನು ಯಾರು ಕೇಳುತ್ತಾರೆಂಬ ಉದಾಸೀನಕ್ಕೆ ಮೊದಲು ಬಲಿಯಾಗುವುದು ವಾರ್ತೆಯೇ. ಮುಂದಿನ ಇತಿಹಾಸಕಾರನಿಗೆ ಅತ್ಯಗತ್ಯವಾದುದು ಮಾತ್ರ ಅದೇ.

ಮಠಮನೆಗಳ ಗಂಟುಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ತಾಳೆಗರಿಗಳನ್ನು ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದ ಕಥೆ ಈ ಸಂಚಿಕೆಯ ಓದುಗರಿಗೆ ಹೊಸದಲ್ಲ. ಆ ಗಂಟುಗಳೂ ಒಂದು ಕಾಲದಲ್ಲಿ ಯಾರಿಗೂ ಬೇಡವಾಗಿದ್ದುವು. ಪ್ರಸಾರ ಭಾರತಿಯು ತನ್ನ ಭಂಡಾರದ ಪಟ್ಟಿಗಳನ್ನು ಗಣಕರೂಪಕ್ಕೆ ತಂದು ಕೆಲವನ್ನು ಸಾರ್ವಜನಿಕರಿಗೆ ತೆರೆದಿರಿಸುವ ಕಾರ್ಯದಲ್ಲಿ ತೊಡಗಿದೆ. ಇಂದು ಪ್ರೌಢಶಾಲೆಯ ಅಧ್ಯಾಪಕರೊಬ್ಬರು 'ಭಾರತ್ ಏಕ್ ಖೋಜ್'ನ ಟಿಪ್ಪು ಕಂತನ್ನು ತರಗತಿಯ ಗೋಡೆಯ ಮೇಲೆ ತೋರಿಸಬಹುದು. ಅದು ಪ್ರಸಾರವಾದ ರಾಜ್ಯದಲ್ಲಿ ಅಂದಿನ ಸಂಜೆ ಕನ್ನಡ ವಾರ್ತೆ ಏನು ಹೇಳಿತ್ತೆಂದು ವಿದ್ಯಾರ್ಥಿಯೊಬ್ಬನು ಎದ್ದು ಕೇಳಿದರೆ, ಅವನಿಗೆ ತೋರಿಸಲು ಅಧ್ಯಾಪಕರ ಕೈಯಲ್ಲಿ ಬಹುಶಃ ಆ ದಿನದ ವೃತ್ತಪತ್ರಿಕೆ ಮಾತ್ರ ಇದ್ದೀತು.